ಫೋಟೋದಾಗ ಏನೂ ಬಂದಿಲ್ಲ



ಸ್ವಲ್ಪ ಉದ್ದದ ಪೋಸ್ಟ್ ಇದು. ಬರೀಬೇಕು ಬರೀಬೇಕು ಅಂತ ಮೂರು ತಿಂಗಳಿಂದ ಮುಂದಕ್ಕೆ ಹಾಕ್ತಾ ಬಂದಿದ್ದೆ. ಇವತ್ತು ಬರೀತಿದ್ದೀನಿ. ದಯವಿಟ್ಟು ಕೊನೆವರೆಗೂ ಓದ್ರಿ, ಯಾಕಂದ್ರೆ ನಿಮ್ಮ ಕೇರಿಯಲ್ಲೂ ಇಂಥ ಒಬ್ಬ ಅಕ್ಕ, ಒಬ್ಬ ಅಣ್ಣ ಇರ್ತಾರೆ.

2024ರ ದೀಪಾವಳಿ ಹೊತ್ತಿಗೆ ದೇವದುರ್ಗ ತಾಲ್ಲೂಕಿನ ಅಕ್ಕನ ಊರಿಗೆ ಹೋಗಿದ್ದೆ. ನಾವು ಮೂಲ ಮಾನ್ವಿ ಕಡೆಯವರು. ಅಕ್ಕನನ್ನು ದೇವದುರ್ಗಕ್ಕೆ ಕೊಟ್ಟೀವಿ, ನಾನು ಸಂಘಟನೆ ಅಂತ ರಾಯಚೂರಿನಲ್ಲಿ ಉಳಿದೀನಿ. ಉಂಡಾದ ಮೇಲೆ ಅಕ್ಕ ಒಳಗಿಂದ ಒಂದು ಪ್ಲಾಸ್ಟಿಕ್ ಕವರ್ ತಂದು ನನ್ನ ಮುಂದೆ ಇಟ್ಟಳು. ಮೂರು ಎಕ್ಸ್‌ರೇ, ಒಂದು ಸಿಟಿ ಸ್ಕ್ಯಾನ್ ಫಿಲ್ಮು, ಒಂದು ಎಕೋ ರಿಪೋರ್ಟು, ಒಂದು ಹಿಡಿ ಔಷಧ ಚೀಟಿ.

"ಇವೆಲ್ಲಾ ಒಲ್ಯಾಗ ಹಾಕಿಬಿಡ್ಲೇನೋ ತಮ್ಮಾ? ಫೋಟೋದಾಗ ಏನೂ ಬಂದಿಲ್ಲ ಅಂತಾರ. ಏನೂ ಬರಲಾರದ ಫೋಟೋ ಮನ್ಯಾಗ ಇಟ್ಕೊಂಡು ಏನ್ ಮಾಡ್ಲಿ?"

ನಮ್ಮ ಕಡೆ ಎಕ್ಸ್‌ರೇಗೂ ಫೋಟೋ ಅಂತಾರೆ, ಸ್ಕ್ಯಾನಿಂಗಿಗೂ ಫೋಟೋ ಅಂತಾರೆ. ಆ ಮಾತು ನನ್ನನ್ನು ಬಿಡಲಿಲ್ಲ.

ಹಿಂದಿನದು ಹೇಳ್ತೀನಿ. 2021ರ ಮೇ ತಿಂಗಳು, ಎರಡನೇ ಅಲೆ. ಅಕ್ಕನಿಗೆ ಜ್ವರ ಬಂತು, ಐದನೇ ದಿನಕ್ಕೆ ಉಸಿರು ಸಾಲದಾಯ್ತು. ಬೆರಳಿಗೆ ಸಿಕ್ಕಿಸೋ ಮಷೀನ್ 88 ತೋರಿಸ್ತು. ಜೀಪು ಮಾಡಿಕೊಂಡು ಗಬ್ಬೂರು ಮೇಲೆ ರಾಯಚೂರಿಗೆ ತಂದೆವು. ಎಲ್ಲಿ ಹೋದರೂ ಮೊದಲ ಪ್ರಶ್ನೆ ಒಂದೇ: "ಎಚ್‌ಆರ್‌ಸಿಟಿ ಮಾಡಿಸೀರೇನು? ಸ್ಕೋರ್ ಎಷ್ಟು?" ಎದೆಯ ಸಿಟಿ ಸ್ಕ್ಯಾನ್ ತೆಗೆದು, ಶ್ವಾಸಕೋಶದ ಐದು ಭಾಗಕ್ಕೆ ಐದೈದು ಅಂಕದಂತೆ ಒಟ್ಟು 25ಕ್ಕೆ ಅಂಕ ಕೊಡ್ತಿದ್ದರು. ಅಕ್ಕನದು 11 ಬಂತು. ಬಿಪಿಎಲ್ ಕಾರ್ಡಿನವರಿಗೆ ಸ್ಕ್ಯಾನಿಗೆ 1500 ರೂಪಾಯಿಗಿಂತ ಜಾಸ್ತಿ ತಗೋಬಾರದು ಅಂತ ಸರ್ಕಾರ ಆ ತಿಂಗಳೇ ದರ ಕಟ್ಟಿತು. ನಾವು ಅದಕ್ಕೂ ಮೊದಲೇ ಹೋದವರು. ಎಷ್ಟು ಕೊಟ್ಟೆವು ಅಂತ ಬರೆಯೋದು ಬ್ಯಾಡ, ಅಕ್ಕನ ಕಿವಿಯೋಲೆ ಇನ್ನೂ ವಾಪಸ್ ಬಂದಿಲ್ಲ ಅಂದ್ರೆ ನಿಮಗೆ ತಿಳೀತದೆ.

ಒಂಬತ್ತು ದಿನಕ್ಕೆ ಮನೆಗೆ ಬಂದಳು. "ಗೆದ್ದು ಬಂದಳು" ಅಂತ ನಾನೇ ಇದೇ ಫೇಸ್‌ಬುಕ್‌ನಲ್ಲಿ ಹಾಕಿದ್ದೆ. ಹಳೇ ಗೆಳೆಯರಿಗೆ ನೆನಪಿರಬಹುದು.

ಗೆದ್ದಿರಲಿಲ್ಲ. ಆ ವರ್ಷ ಹತ್ತಿ ಬಿಡಿಸೋ ಕಾಲಕ್ಕೆ ಗೊತ್ತಾಯ್ತು. ದಿನಕ್ಕೆ ಹತ್ತಿರ ಹತ್ತಿರ 40 ಕಿಲೋ ಹತ್ತಿ ಬಿಡಿಸ್ತಿದ್ದ ಹೆಣ್ಣುಮಗಳು 15 ಕಿಲೋಗೆ ಬಂದು ನಿಂತಳು. ಎರಡು ಸಾಲು ಹೋದರೆ ಮೂರನೇ ಸಾಲಿಗೆ ಕೂಡಬೇಕು. ಹತ್ತಿ ಕೂಲಿ ಕಿಲೋ ಲೆಕ್ಕ. ಕೂತರೆ ಕೂಲಿ ಇಲ್ಲ. ಹಟ ಮಾಡಿ ಒಂದು ದಿನ ಪೂರ್ತಿ ದುಡಿದರೆ ಮುಂದಿನ ಮೂರು ದಿನ ಹಾಸಿಗೆ. ಜೊತೆಗೆ ಮರೆವು. ಮಾತಾಡ್ತಾ ಆಡ್ತಾ ಹೆಸರು ಸಿಗಲ್ಲ, ಮೆಣಸಿನಕಾಯಿ ಚೀಲ ಎಣಿಸುವಾಗ ಲೆಕ್ಕ ತಪ್ತದೆ. "ತಲ್ಯಾಗ ಮಂಜು ಕವಿದಂಗ ಆಗ್ತದ" ಅಂತಿದ್ದಳು. ಇದನ್ನೇ ಇಂಗ್ಲಿಷಿನವರು 'ಬ್ರೇನ್ ಫಾಗ್' ಅಂತಾರೆ ಅನ್ನೋದು ನನಗೆ ಎಷ್ಟೋ ದಿನದ ಮೇಲೆ ತಿಳೀತು. ಅಕ್ಕ ಯಾವ ಇಂಗ್ಲಿಷೂ ಓದಿದಾಕಿ ಅಲ್ಲ.

ನರೇಗಾ ಕೆಲಸಕ್ಕೆ ಹೋದರೆ ಅಲ್ಲಿ ಅಳತೆ. ಇಷ್ಟು ಉದ್ದ, ಇಷ್ಟು ಅಗಲ, ಇಷ್ಟು ಆಳ ಅಗೆದರೆ ಮಾತ್ರ ಪೂರ್ತಿ ಕೂಲಿ. ಅಕ್ಕ ಸಲಿಕೆ ಊರಿ ನಿಂತರೆ ಮೇಟ್ ಎಲ್ಲರ ಮುಂದೆ ಅಂದನಂತೆ: "ನಾಟಕ ಮಾಡಬ್ಯಾಡ. ಕೊರೊನಾ ಹೋಗಿ ಎಷ್ಟ್ ವರ್ಷ ಆತು?"

ಆಸ್ಪತ್ರೆಗೆ ಹೋದೆವು. ಒಂದಲ್ಲ, ನಾಲ್ಕು. ಎಕ್ಸ್‌ರೇ ತೆಗೆದರು: ನಾರ್ಮಲ್. ಎಕೋ ಮಾಡಿದರು: ನಾರ್ಮಲ್. ಕಫ ನೋಡಿದರು, ಟಿಬಿ ಇಲ್ಲ. ರಕ್ತ ಕಡಿಮೆ ಅದ ಅಂತ ಕಬ್ಬಿಣದ ಗುಳಿಗೆ ಕೊಟ್ಟರು. ಅದು ಖರೇನೇ, ಹಿಮೋಗ್ಲೋಬಿನ್ 8 ಇತ್ತು, ಆರು ತಿಂಗಳಿಗೆ 11 ಆಯ್ತು. ಉಸಿರು ಮಾತ್ರ ಹಂಗೇ. ಕೊನೆಗೆ ಒಬ್ಬ ಡಾಕ್ಟರು, ಕೆಟ್ಟವರಲ್ಲ, ಹೊರಗೆ ನೂರು ಮಂದಿ ಸಾಲು ಇತ್ತು ಅವರಿಗೆ, ಫಿಲ್ಮ್ ಬೆಳಕಿಗೆ ಹಿಡಿದು ನೋಡಿ ಅಂದರು: "ಏನೂ ಇಲ್ಲಮ್ಮಾ. ಮನಸಿಗೆ ಹಚ್ಕೋಬ್ಯಾಡ." ನಿದ್ದೆ ಗುಳಿಗೆ ಬರೆದು ಕೊಟ್ಟರು.

ಗೆಳೆಯರೇ, ಈ ಮಾತು ನಾನು ಬೇರೆ ಕಡೆ ಕೇಳೀನಿ. ದೌರ್ಜನ್ಯ ಆದಾಗ ನಮ್ಮವರನ್ನು ಕರಕೊಂಡು ಸ್ಟೇಷನ್ ಮೆಟ್ಟಿಲು ಹತ್ತಿದವರೆಲ್ಲ ಕೇಳೀರಿ. "ಗಾಯ ಎಲ್ಲೈತಿ? ವೂಂಡ್ ಸರ್ಟಿಫಿಕೇಟ್ ಎಲ್ಲೈತಿ?" ಗಾಯ ಕಾಣದಿದ್ದರೆ ಏನೂ ಆಗಿಲ್ಲ ಅಂತ ಲೆಕ್ಕ. ಮೈಮೇಲೆ ಗಾಯ ಇರಲಿ ಬಿಡಲಿ, ನಾಲ್ಕು ಮಂದಿ ಮುಂದೆ ಜಾತಿ ಹಿಡಿದು ಅವಮಾನ ಮಾಡಿದರೆ ಅದೂ ಅಪರಾಧ ಅಂತ ಬರೆಸೋಕೆ 1989ರ ಕಾಯ್ದೆಯೇ ಬರಬೇಕಾಯ್ತು. ಆಸ್ಪತ್ರೆಯಲ್ಲಿ ಅಂಥ ಕಾಯ್ದೆ ಇಲ್ಲ. ಅಲ್ಲಿ ಫೋಟೋ ಹೇಳಿದ್ದೇ ಸಾಕ್ಷಿ, ರೋಗಿ ಹೇಳಿದ್ದು ಬರೀ ಮಾತು.

ಹಂಗಾಗಿ ನಾನು ಈ ಫೋಟೋದ ಬೆನ್ನು ಹತ್ತಿದೆ. ಅದು ಏನನ್ನ ನೋಡ್ತದೆ, ಏನನ್ನ ನೋಡಲ್ಲ?

ನಮ್ಮ ಸಂಘಟನೆಯ ಒಬ್ಬ ಹುಡುಗ ಎಕ್ಸ್‌ರೇ ಟೆಕ್ನಿಷಿಯನ್ ಕೋರ್ಸ್ ಮಾಡಿದವನು. ಅವನು ಹೇಳಿದ: "ಅಣ್ಣಾ, ಎಕ್ಸ್‌ರೇ ಅಂದ್ರ ಒಂದು ನೆರಳು. ಎಲುಬು ಬೆಳ್ಳಗ ಕಾಣ್ತದ, ಗಾಳಿ ಕರ್ರಗ ಕಾಣ್ತದ. ಸಿಟಿ ಅಂದ್ರ ಅದನ್ನೇ ಸುತ್ತಲಿಂದ ತೆಗೆದು, ರೊಟ್ಟಿ ಒಂದರ ಮ್ಯಾಲ ಒಂದು ಇಟ್ಟಂಗ ಪದರ ಪದರವಾಗಿ ತೋರಿಸೋದು. ಎರಡೂ ರಚನೆ ತೋರಿಸ್ತಾವ. ಕೆಲಸ ತೋರಿಸಂಗಿಲ್ಲ."

ನನಗೆ ತಿಳೀಲಿಲ್ಲ. ಅವನು ನಮ್ಮ ಮಾನ್ವಿ ಭಾಷೆಯಲ್ಲೇ ತಿಳಿಸಿದ. "ತುಂಗಭದ್ರಾ ಎಡದಂಡೆ ಕಾಲುವೆದು ಮ್ಯಾಲಿಂದ ಫೋಟೋ ತೆಗೀರಿ. ಕಾಲುವೆ ಒಡದಿಲ್ಲ, ಗೇಟ್ ಮುರದಿಲ್ಲ, ಎಲ್ಲಾ ನಾರ್ಮಲ್. ಆದ್ರ ಕೊನೆ ಭಾಗದ ಹೊಲಕ್ಕ ನೀರು ಮುಟ್ಟೇತೋ ಇಲ್ಲೋ, ಆ ಫೋಟೋ ಹೇಳ್ತದೇನು?"

ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ಮಾನ್ವಿ, ಸಿರವಾರ ಕಡೆ ಹುಟ್ಟಿದವರಿಗೆ ಕೊನೆ ಭಾಗ ಅಂದ್ರೆ ಏನು ಅಂತ ಬಿಡಿಸಿ ಹೇಳೋದು ಬೇಕಿಲ್ಲ.

ಶ್ವಾಸಕೋಶದ ಕೆಲಸ ಬರೀ ಗಾಳಿ ತುಂಬಿಕೊಳ್ಳೋದಲ್ಲ. ಅದರೊಳಗಿನ ಕೋಟಿಗಟ್ಟಲೆ ಸಣ್ಣ ಗಾಳಿ ಚೀಲಗಳ ತೆಳು ಗೋಡೆ ದಾಟಿ ಆಮ್ಲಜನಕ ರಕ್ತಕ್ಕೆ ಸೇರಬೇಕು. ಅಲ್ಲೇ ತಡೆ ಬಿದ್ದರೆ ಎಕ್ಸ್‌ರೇ ಚೊಕ್ಕಟ ಇರ್ತದೆ, ಮನುಷ್ಯ ಏದುಸಿರು ಬಿಡ್ತಿರ್ತಾನೆ.

ಇದನ್ನ ನೋಡೋಕೆ ಒಂದು ದಾರಿ ಅದೆ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನ ರೇಡಿಯಾಲಜಿ ಪ್ರಾಧ್ಯಾಪಕ ಫರ್ಗಸ್ ಗ್ಲೀಸನ್ ಮತ್ತು ಶೆಫೀಲ್ಡ್ ವಿಶ್ವವಿದ್ಯಾಲಯದವರು ಕೂಡಿ ಮಾಡಿದ ಕೆಲಸ. ಕ್ಸೆನಾನ್ ಅನ್ನೋ ಅನಿಲವನ್ನ ಎಂಆರ್‌ಐ ಯಂತ್ರಕ್ಕೆ ಕಾಣೋ ಹಾಗೆ ತಯಾರು ಮಾಡ್ತಾರೆ. ರೋಗಿ ಅದನ್ನ ಒಂದು ಸಲ ಒಳಗೆಳೆದು ಕೆಲವು ಸೆಕೆಂಡ್ ಉಸಿರು ಹಿಡೀಬೇಕು. ಆ ಅನಿಲ ಗಾಳಿ ಚೀಲದಲ್ಲಿ ಎಷ್ಟು ಉಳೀತು, ಗೋಡೆಯಲ್ಲಿ ಎಷ್ಟು, ಕೆಂಪು ರಕ್ತಕಣಕ್ಕೆ ಎಷ್ಟು ಮುಟ್ಟಿತು ಅಂತ ಯಂತ್ರ ಬೇರೆ ಬೇರೆಯಾಗಿ ತೋರಿಸ್ತದೆ. ಕಾಲುವೆ ನೀರಿಗೆ ಬಣ್ಣ ಹಾಕಿ ಕೊನೆ ಹೊಲದವರೆಗೆ ಹಿಂದೆ ಹೋದಂಗ.

2022ರ ಜನವರಿಯಲ್ಲಿ ಅವರು ಮೊದಲ ಫಲಿತಾಂಶ ಹೇಳಿದರು. 36 ಮಂದಿಯ ಸಣ್ಣ ಅಧ್ಯಯನ. ಕೊರೊನಾ ಬಂದು ಆಸ್ಪತ್ರೆಗೂ ಸೇರದೆ ಮನೆಯಲ್ಲೇ ವಾಸಿಯಾದವರು, ಸಿಟಿ ಸ್ಕ್ಯಾನ್ ನಾರ್ಮಲ್ ಬಂದವರು, ಆದರೂ ಏದುಸಿರು ಹೋಗದವರು ಅದರಲ್ಲಿದ್ದರು. ಕ್ಸೆನಾನ್ ಚಿತ್ರದಲ್ಲಿ ಅವರ ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ದಾಟೋದು ಆರೋಗ್ಯವಂತರಿಗಿಂತ ಕಡಿಮೆ ಇತ್ತು. ಅಂದ್ರೆ ಸಿಟಿ "ಏನೂ ಇಲ್ಲ" ಅಂದ ಜಾಗದಲ್ಲೇ ಏನೋ ಇತ್ತು.

ಇದನ್ನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಕ್ಕನಿಗೆ ಅದೇ ಅದ ಅಂತ ನಾನು ಹೇಳ್ತಿಲ್ಲ. ಆ ಯಂತ್ರ ಅಕ್ಕನನ್ನ ನೋಡೇ ಇಲ್ಲ. ನಾ ಹೇಳೋದು ಇಷ್ಟೇ: ಫೋಟೋದಾಗ ಬಂದಿಲ್ಲ ಅನ್ನೋದಕ್ಕೂ ಮೈಯಾಗ ಇಲ್ಲ ಅನ್ನೋದಕ್ಕೂ ಫರಕ್ ಅದೆ.

ಮಿದುಳಿನ ಕಥೆ ಇನ್ನೊಂದು. 2022ರ ಮಾರ್ಚ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಗ್ವೆನೆಲ್ ದುವೋ ಮತ್ತು ಸಂಗಡಿಗರ ಅಧ್ಯಯನ ಬಂತು. ಬ್ರಿಟನ್ನಿನ 785 ಮಂದಿಯ ಮಿದುಳಿನ ಎಂಆರ್‌ಐ, ಎರಡೆರಡು ಸಲ. ಎರಡರ ನಡುವೆ 401 ಮಂದಿಗೆ ಕೊರೊನಾ ಬಂದಿತ್ತು, 384 ಮಂದಿಗೆ ಬಂದಿರಲಿಲ್ಲ. ಬಂದವರ ಮಿದುಳಿನಲ್ಲಿ ವಾಸನೆ, ನೆನಪಿಗೆ ಸಂಬಂಧಪಟ್ಟ ಕೆಲವು ಭಾಗ ಸರಾಸರಿಯಲ್ಲಿ ಶೇಕಡ 0.2ರಿಂದ 2ರಷ್ಟು ಜಾಸ್ತಿ ಸವೆದಿತ್ತು. ಹೆಚ್ಚಿನವರಿಗೆ ಬಂದಿದ್ದು ಸೌಮ್ಯ ಕೊರೊನಾ. 2023ರಲ್ಲಿ ಇನ್ನೊಂದು ಬಂತು: ಆಸ್ಪತ್ರೆ ಸೇರಿ ಬಂದ 259 ಮಂದಿಗೆ ಸುಮಾರು ಐದು ತಿಂಗಳ ನಂತರ ಹಲವು ಅಂಗಗಳ ಎಂಆರ್‌ಐ ಮಾಡಿದ್ದು. ಶ್ವಾಸಕೋಶ, ಮಿದುಳು, ಮೂತ್ರಪಿಂಡದಲ್ಲಿ ಬೇರೆಯವರಿಗಿಂತ ಜಾಸ್ತಿ ವ್ಯತ್ಯಾಸ ಕಂಡಿತು.

ಆದರೆ ಗೆಳೆಯರೇ, ಆ 785 ಮಂದಿ ಅಧ್ಯಯನದಲ್ಲಿ ನನ್ನ ಕಣ್ಣು ನಿಂತಿದ್ದು ಬೇರೆ ಕಡೆ. ಅದು ಸಾಧ್ಯ ಆಗಿದ್ದು ಯಾಕೆ? ಕೊರೊನಾ ಬರೋದಕ್ಕಿಂತ ಮೊದಲೇ ಅವರ ಮಿದುಳಿನ ಚಿತ್ರ ಇತ್ತು. ಯುಕೆ ಬಯೋಬ್ಯಾಂಕ್ ಅಂತ ಅವರ ದೇಶದ ದೊಡ್ಡ ಯೋಜನೆ, ಆರೋಗ್ಯವಾಗಿ ಇದ್ದಾಗಲೇ ತೆಗೆದಿಟ್ಟಿದ್ದರು. ಮೊದಲು ಹಿಂಗಿತ್ತು, ಈಗ ಹಿಂಗಾಗಿದೆ ಅಂತ ಹೋಲಿಸೋಕೆ ಬಂತು.

ನಮ್ಮ ಅಕ್ಕನ ಮೊದಲಿನ ಚಿತ್ರ ಎಲ್ಲಿದೆ? ಆರೋಗ್ಯವಾಗಿದ್ದಾಗ ಅವಳ ಫೋಟೋ ತೆಗೆದವರು ರೇಷನ್ ಕಾರ್ಡಿನವರು, ವೋಟರ್ ಐಡಿಯವರು, ಆಧಾರ್‌ನವರು. ನಮ್ಮ ಜನರ ಶ್ವಾಸಕೋಶ ಕೊರೊನಾಕ್ಕಿಂತ ಮೊದಲು ಹೆಂಗಿತ್ತು ಅಂತ ಯಾರು ನೋಡ್ಯಾರ? ಶಕ್ತಿನಗರದ ಬೂದಿ ಕುಡಿದ ಎದೆ, ಹಟ್ಟಿ ಗಣಿಯ ಕಲ್ಲು ಧೂಳು ಕುಡಿದ ಎದೆ, ರಾಯಚೂರಿನ ಜಿನ್ನಿಂಗ್ ಫ್ಯಾಕ್ಟರಿಯ ಅರಳೆ ಧೂಳು ಕುಡಿದ ಎದೆ, ಮೂರು ಕಲ್ಲಿನ ಒಲೆ ಊದಿದ ಎದೆ. ಅದರ ಮೇಲೆ ಕೊರೊನಾ ಬಂದು ಕೂತಿತು. ಯಾವುದು ಯಾವುದರ ಗಾಯ ಅಂತ ಈಗ ಹೆಂಗೆ ಬಿಡಿಸ್ತೀರಿ?

ಇನ್ನೊಂದು. ಯಂತ್ರ ಜಾತಿ ನೋಡಲ್ಲ ಅಂತ ನಾವು ತಿಳಿದಿರ್ತೀವಿ. ಬೆರಳಿಗೆ ಸಿಕ್ಕಿಸೋ ಆಕ್ಸಿಮೀಟರ್ ಇದೆಯಲ್ಲ, ಅದು ಚರ್ಮದ ಮೂಲಕ ಬೆಳಕು ಬಿಟ್ಟು ಅಳೀತದೆ. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದರು: ಯಂತ್ರ ಸರಿ ಇದೆ ಅಂತ ತೋರಿಸುವಾಗ ರಕ್ತದಲ್ಲಿ ಖರೇಖರೆ ಆಮ್ಲಜನಕ ಕಡಿಮೆ ಇರೋದು ಬಿಳಿಯರಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಜಾಸ್ತಿ. ಬಿಸಿಲಲ್ಲಿ ಕರ್ರಗಾದ ನಮ್ಮ ಬೆರಳಿಗೆ ಅದೇ ಯಂತ್ರ ಎಷ್ಟು ಖರೆ ಹೇಳಿತ್ತು ಆ ಮೇ ತಿಂಗಳಲ್ಲಿ? ಹಿಂದೆ ಹೋದರೆ ಇನ್ನೂ ಕೆಟ್ಟದ್ದು ಅದೆ. 1850ರ ದಶಕದಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಅನ್ನೋ ವೈದ್ಯ ಉಸಿರಿನ ಅಳತೆ ಯಂತ್ರ ಹಿಡಿದು, ಕಪ್ಪು ಜನರ ಶ್ವಾಸಕೋಶವೇ ಸಣ್ಣದು, ದುಡಿಸಿದರೇ ಅವರಿಗೆ ಒಳ್ಳೇದು ಅಂತ ಬರೆದ. ಯಂತ್ರವನ್ನ ಹಿಡಿದ ಕೈ ಯಾರದು ಅಂತ ನಾವು ಕೇಳಲೇಬೇಕು.

ಹಂಗಂತ ವಿಜ್ಞಾನ ಬ್ಯಾಡ ಅನ್ನೋನಲ್ಲ ನಾನು. ಕಷಾಯ ಕುಡಿದರೆ ಹೋಗ್ತದೆ ಅನ್ನೋ ವಾಟ್ಸಾಪ್ ಪಂಡಿತರ ಸಾಲಿಗೆ ನನ್ನನ್ನ ಸೇರಿಸಬ್ಯಾಡ್ರಿ. 1919ರಲ್ಲಿ ಬಾಬಾಸಾಹೇಬರು ಸೌತ್‌ಬರೋ ಸಮಿತಿ ಮುಂದೆ ಹೋದಾಗ ಕೈಯಲ್ಲಿ ಲಿಖಿತ ಹೇಳಿಕೆ ಹಿಡಿದು ಹೋದವರು, ಬರೀ ಕಣ್ಣೀರು ಇಟ್ಟುಕೊಂಡು ಹೋದವರಲ್ಲ. ನಮಗೂ ಸಾಕ್ಷಿ ಬೇಕು. ಒಳ್ಳೆ ಯಂತ್ರ ಬೇಕು. ಅದು ನಮ್ಮ ಊರಿಗೆ ಬೇಕು.

ಬರೋಕೆ ಸಾಧ್ಯ ಇಲ್ಲ ಅಂತೇನಿಲ್ಲ. ಎರಡನೇ ಅಲೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್ಟ್‌ಪಾರ್ಕ್ ಮತ್ತು ನಿರಾಮಯಿ ಕಂಪನಿಯವರು 'ಎಕ್ಸ್‌ರೇ ಸೇತು' ಅಂತ ಮಾಡಿದರು. ಹಳ್ಳಿ ಡಾಕ್ಟರು ಎದೆ ಎಕ್ಸ್‌ರೇಯನ್ನ ಮೊಬೈಲಿನಲ್ಲಿ ಫೋಟೋ ಹೊಡೆದು ವಾಟ್ಸಾಪಿಗೆ ಹಾಕಿದರೆ, ಕಂಪ್ಯೂಟರ್ ನೋಡಿ ಕೊರೊನಾ ಲಕ್ಷಣ ಅದೆಯೋ ಇಲ್ಲವೋ ಅಂತ ವರದಿ ಕಳಿಸ್ತಿತ್ತು. ರೇಡಿಯಾಲಜಿಸ್ಟ್ ಇಲ್ಲದ ಊರಿಗೆ ಅಂತಲೇ ಮಾಡಿದ್ದು. ಸಾವಿನ ಭಯ ಇದ್ದಾಗ ತಲೆ ಓಡ್ತದೆ, ಯಂತ್ರ ಓಡ್ತದೆ. ಸತ್ತಿಲ್ಲ, ಬದುಕೂ ಆಗ್ತಿಲ್ಲ ಅನ್ನೋರ ಸರದಿ ಬಂದಾಗ ಎಲ್ಲಾ ನಿಂತ್ಹೋಗ್ತದೆ.

ಈಗ ಡಿಸೆಂಬರಿನ ಮಾತಿಗೆ ಬರ್ತೀನಿ. ಆ ಕವರ್ ಹಿಡಿದು ನಮ್ಮವರೇ ಆದ ಒಬ್ಬ ಯುವ ಡಾಕ್ಟರ್ ಹತ್ರ ಹೋದೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದಾರೆ. ಫಿಲ್ಮೆಲ್ಲ ನೋಡಿ ಬದಿಗಿಟ್ಟರು. "ಅಕ್ಕನ್ನ ನಡಿಸಿ ನೋಡೀರೇನು?" ಅಂದರು. ಯಾರೂ ನಡಿಸಿರಲಿಲ್ಲ. ಮೂರೂವರೆ ವರ್ಷ ಎಲ್ಲರೂ ನಿಲ್ಲಿಸಿ, ಮಲಗಿಸಿ, ಉಸಿರು ಹಿಡಿಸಿ ಫೋಟೋ ತೆಗೆದಿದ್ದರು. ಅವಳ ತ್ರಾಸು ಇರೋದು ನಡೆದಾಗ.

ಮುಂದಿನ ಭಾನುವಾರ ಡಾಕ್ಟರೇ ಊರಿಗೆ ಬಂದರು, ಜೊತೆಗೆ ಒಬ್ಬ ನರ್ಸ್. ಅಂಬೇಡ್ಕರ್ ಭವನದ ಮುಂದೆ ನರೇಗಾ ಕೆಲಸಕ್ಕೆ ಗುಂಡಿ ಅಳೆಯೋ ಟೇಪಿನಿಂದಲೇ 30 ಮೀಟರ್ ಅಳೆದು ಎರಡೂ ಕಡೆ ಕಲ್ಲಿಟ್ಟೆವು. ಆರು ನಿಮಿಷದ ನಡಿಗೆ ಪರೀಕ್ಷೆ ಅಂತಾರೆ ಇದಕ್ಕೆ. ಕೂತಾಗ ಅಕ್ಕನ ಆಮ್ಲಜನಕ 96. ನಡೆಯೋಕೆ ಹಚ್ಚಿದಳು. ಎರಡನೇ ನಿಮಿಷಕ್ಕೆ ಬಾಯಿ ತೆರೆದಳು, ಮೂರಕ್ಕೆ ನಿಂತಳು, ಮತ್ತೆ ನಡೆದಳು, ಐದಕ್ಕೆ ಮತ್ತೆ ನಿಂತಳು. ಆರು ನಿಮಿಷಕ್ಕೆ 270 ಮೀಟರ್. ಬೆರಳಿನ ಮಷೀನ್ 90. ಇಷ್ಟು ಇಳಿದರೆ ಅದು ಮನಸಿನ ಕಾಯಿಲೆ ಅಲ್ಲ ಅಂದರು ಡಾಕ್ಟರು.

ಅಕ್ಕ ಭವನದ ಕಟ್ಟೆ ಮೇಲೆ ಕೂತು ಉಸಿರು ಸುಧಾರಿಸಿಕೊಂಡು ಕೇಳಿದ್ದು ಒಂದೇ: "ಹಂಗಾರ ನಾ ಸುಳ್ಳ ಹೇಳಿಲ್ಲ, ಹೌದಿಲ್ಲೋ?"

ಮೂರೂವರೆ ವರ್ಷದಲ್ಲಿ ನಾನೂ ಒಂದೆರಡು ಸಲ ಮನಸಿನಲ್ಲಿ ಅಂದುಕೊಂಡಿದ್ದೆ, ಅಕ್ಕ ಸ್ವಲ್ಪ ಜಾಸ್ತಿ ಮಾಡ್ತಾಳೆ ಅಂತ. ಇಲ್ಲಿ ಒಪ್ಕೊಳ್ತೀನಿ. ಅವಳ ಮುಖ ನೋಡೋಕೆ ಆಗಲಿಲ್ಲ.

ಡಾಕ್ಟರು ಚೀಟಿಯಲ್ಲಿ ಬರೆದರು: ಕೋವಿಡ್ ನಂತರದ ಉಸಿರಾಟದ ತೊಂದರೆ ಇರಬಹುದು, ನಡೆದರೆ ಆಮ್ಲಜನಕ ಇಳಿಯುತ್ತದೆ, ಹೆಚ್ಚಿನ ತಪಾಸಣೆ ಆಗಬೇಕು, ಅಲ್ಲಿಯವರೆಗೆ ಹಗುರ ಕೆಲಸ ಕೊಡಬೇಕು. ಆ ಚೀಟಿ ಹಿಡಿದು ಪಂಚಾಯತಿಗೆ ಹೋಗಿ ಜಗಳ ಮಾಡಿದ ಮೇಲೆ ಅಕ್ಕನಿಗೆ ಅಗೆಯೋ ಕೆಲಸ ಬಿಡಿಸಿ ನೀರು ಕೊಡೋ ಕೆಲಸ ಕೊಟ್ಟರು. ಕೂಲಿ ಆಗ ಅದೇ 349 ಇತ್ತು. ಮೊದಲ ದಿನ ನಾಲ್ಕು ಮಂದಿ ಅಕ್ಕನ ಕೈಯಿಂದ ನೀರು ತಗೊಳ್ಳಲಿಲ್ಲ, ಮರುದಿನ ಮನೆಯಿಂದಲೇ ಬಾಟ್ಲಿ ತಂದರು. ಆ ಜಗಳ ಇನ್ನೂ ನಡೀತಾ ಅದೆ, ಅದನ್ನ ಬೇರೆ ಪೋಸ್ಟಿನಲ್ಲಿ ಬರೀತೀನಿ.

ಹೆಚ್ಚಿನ ತಪಾಸಣೆ ಅಂದ್ರೆ ಎಲ್ಲಿ? ಅಕ್ಕನಿಗೆ ಈಗ ಬಸ್ ಪುಕ್ಕಟೆ, ಆಧಾರ್ ತೋರಿಸಿದರೆ ರಾಯಚೂರಿಗೆ ಬರ್ತಾಳೆ. ಅದರಾಚೆ ಬೆಂಗಳೂರೋ ಹೈದರಾಬಾದೋ. ರಾಜ್ಯದಲ್ಲೇ ಅತೀ ಹಿಂದುಳಿದ ತಾಲ್ಲೂಕುಗಳಲ್ಲಿ ದೇವದುರ್ಗ ಒಂದು ಅಂತ 2002ರಲ್ಲಿ ನಂಜುಂಡಪ್ಪ ವರದಿ ಬರೆದಿಟ್ಟಿತು. ರಾಯಚೂರಿಗೆ ಐಐಟಿ ಕೊಡಿ ಅಂದಿತ್ತು, ಅದು 2016ರಲ್ಲಿ ಧಾರವಾಡಕ್ಕೆ ಹೋಯ್ತು. ಏಮ್ಸ್ ಆದರೂ ಕೊಡ್ರಿ ಅಂತ 2022ರ ಮೇ 13ರಿಂದ ರಾಯಚೂರಿನಲ್ಲಿ ಧರಣಿ ಕೂತೀವಿ. 2025ರ ಫೆಬ್ರವರಿಗೆ ಸಾವಿರ ದಿನ ದಾಟಿತು. ಏಮ್ಸ್ ಯಾಕೆ ಅಂತ ಕೇಳೋರಿಗೆ ನನ್ನ ಉತ್ತರ ಈ ಪ್ಲಾಸ್ಟಿಕ್ ಕವರ್.

ಏಮ್ಸ್ ಬರೋತನಕ ಮಾಡಬಹುದಾದ್ದು ಇದೆ. ಗೆಳೆಯರೇ, ಸಂಘಟನೆಯವರೇ, ಇದನ್ನ ನೋಟ್ ಮಾಡ್ಕೊಳ್ಳಿ.

ಒಂದು, ನಿಮ್ಮ ಕೇರಿಯಲ್ಲಿ ಪಟ್ಟಿ ಮಾಡ್ರಿ. ಕೊರೊನಾ ಆದ ಮೇಲೆ ದಮ್ಮು, ದಣಿವು, ಮರೆವು ಹೋಗದೇ ಇರೋರು ಯಾರು? ಟೆಸ್ಟ್ ರಿಪೋರ್ಟ್ ಇಲ್ಲ ಅಂತ ಬಿಡಬ್ಯಾಡ್ರಿ. 2021ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ವ್ಯಾಖ್ಯಾನದಲ್ಲಿ ಖಚಿತ ಆದವರಷ್ಟೇ ಅಲ್ಲ, ಕೊರೊನಾ ಬಂದಿರಬಹುದಾದವರೂ ಸೇರ್ತಾರೆ.

ಎರಡು, ಎಲ್ಲಾ ದಮ್ಮೂ ಕೊರೊನಾದ್ದಲ್ಲ. ಮೊದಲು ರಕ್ತ, ಟಿಬಿ, ಸಕ್ಕರೆ, ಹೃದಯ ನೋಡಿಸ್ರಿ. ಗಣಿ, ಕ್ರಷರ್ ಕೆಲಸದವರು ಸಿಲಿಕೋಸಿಸ್ ನೋಡಿಸ್ರಿ.

ಮೂರು, ಎಕ್ಸ್‌ರೇ ನಾರ್ಮಲ್ ಅಂದರೆ ಎದ್ದು ಬರಬ್ಯಾಡ್ರಿ. ನಡಿಸಿ ನೋಡ್ರಿ ಅಂತ ಕೇಳ್ರಿ. ಅದಕ್ಕೆ ಬೇಕಾದ್ದು 30 ಮೀಟರ್ ಜಾಗ, ಒಂದು ಗಡಿಯಾರ, ಒಂದು ಆಕ್ಸಿಮೀಟರ್. ನೀವೇ ಮನೆಯಲ್ಲಿ ಮಾಡಬ್ಯಾಡ್ರಿ, ಡಾಕ್ಟರೋ ನರ್ಸೋ ಹತ್ರ ಇರಬೇಕು.

ನಾಲ್ಕು, ಒಂದು ಫಿಲ್ಮನ್ನೂ ಒಲೆಗೆ ಹಾಕಬ್ಯಾಡ್ರಿ. ಇವತ್ತಿನ ಫೋಟೋ ನಾಳಿನದಕ್ಕೆ "ಮೊದಲಿನದು" ಆಗ್ತದೆ. ಹೋಲಿಸೋಕೆ ನಮ್ಮ ಹತ್ರ ಇರೋದು ಅದೊಂದೇ.

ಕೊನೇ ಮಾತು. 'ಲಾಂಗ್ ಕೋವಿಡ್' ಅನ್ನೋ ಹೆಸರಿಟ್ಟಿದ್ದು ಡಾಕ್ಟರಲ್ಲ. 2020ರ ಮೇ ತಿಂಗಳಲ್ಲಿ ಎಲಿಸಾ ಪೆರೆಗೊ ಅನ್ನೋ ಇಟಲಿಯ ಪುರಾತತ್ವ ಸಂಶೋಧಕಿ, ತಾನೇ ರೋಗಿ, ಟ್ವಿಟರಿನಲ್ಲಿ ಬರೆದ ಪದ ಅದು. ನೋವಿದ್ದವರು ಮೊದಲು ಮಾತಾಡಿದರು, ಹೆಸರು ಬಂತು, ಆಮೇಲೆ ಸಂಶೋಧನೆ ಬಂತು, ಕ್ಸೆನಾನ್ ಬಂತು, ಚಿತ್ರ ಬಂತು. ಮಾತು ಮೊದಲು, ಫೋಟೋ ಆಮೇಲೆ. ನಮ್ಮ ಜನರ ವಿಷಯಕ್ಕೆ ಬಂದಾಗ ಮಾತ್ರ ಮೊದಲು ಫೋಟೋ ತಾ ಅಂತಾರೆ.

ಅಕ್ಕನ ಕವರ್ ಈಗ ರಾಯಚೂರಿನಲ್ಲಿ ನನ್ನ ಹತ್ರ ಇದೆ, ನಡಿಗೆ ಪರೀಕ್ಷೆಯ ಚೀಟಿಯೂ ಅದರೊಳಗೇ. ಧರಣಿ ಟೆಂಟಿಗೆ ತರ್ತೀನಿ. ನಿಮ್ಮ ಮನೆಯ ಕವರೂ ತಗೊಂಡು ಬರ್ರಿ.

ಜೈಭೀಮ್.